ಶಿರಾಡಿಯ ಮಂಜು, ದಾರಿಯ ದೀಪ

ಬೆಂಗಳೂರಿನಿಂದ ಮಂಗಳೂರಿಗೆ ಹೋಗುವ ಹೆದ್ದಾರಿ ಸುಮಾರು 350 ಕಿಲೋಮೀಟರಿನ ಹಾದಿ. ಹಗಲಿನಲ್ಲಿ ಹೊರಟವರಿಗೆ ಅದು ಕಣ್ಣಿಗೆ ಹಬ್ಬ. ಬಯಲುಸೀಮೆಯ ರಾಗಿಯ ಹೊಲ, ಕೆರೆಯ ಏರಿ, ತೆಂಗಿನ ತೋಪು. ಹಾಸನವನ್ನು ದಾಟಿದ ಮೇಲೆ ಕಾಫಿಯ ತೋಟ. ಸಕಲೇಶಪುರದಿಂದಾಚೆ ಕಾಡು, ಕಣಿವೆ, ತೊರೆ. ಘಾಟಿಯನ್ನು ಇಳಿದರೆ ಅಡಕೆಯ ತೋಟ, ಕಟ್ಟಕಡೆಗೆ ಕಡಲು. ರಾತ್ರಿ ಹೊರಟವರಿಗೆ ಇವೊಂದೂ ಇಲ್ಲ. ಕಾರಿನ ಮುಂದಿನ ಎರಡು ದೀಪಗಳು ತೋರಿಸಿದಷ್ಟೇ ಅವರ ಪಾಲಿನ ನಾಡು. ಆ ದೀಪಗಳು ಸರಿಯಾಗಿದ್ದರೆ ದಾರಿಯುಂಟು, ತಿರುವುಂಟು, ತಿರುವಿನಾಚೆ ನಿಂತ ಲಾರಿಯೂ ಉಂಟು; ಸರಿಯಿಲ್ಲದಿದ್ದರೆ ಎಲ್ಲವೂ ದೈವಾಧೀನ.

ಹೀಗೆ ರಾತ್ರಿ ಹೊರಡುವ ಸಂಸಾರಗಳು ಈಗ ಅನೇಕ. ಯಜಮಾನರ ಕಚೇರಿ, ಮಕ್ಕಳ ಶಾಲೆ ಎರಡೂ ಮುಗಿದ ಶುಕ್ರವಾರ ಸಂಜೆ, ಚಪಾತಿ ಪಲ್ಯದ ಬುತ್ತಿ ಕಟ್ಟಿಕೊಂಡು, ಧರ್ಮಸ್ಥಳಕ್ಕೋ ಸುಬ್ರಹ್ಮಣ್ಯಕ್ಕೋ ಮಂಗಳೂರಿನ ಮದುವೆಮನೆಗೋ ಹೊರಟುಬಿಡುವುದು ವಾಡಿಕೆಯಾಗಿದೆ. ಹೊರಡುವ ಮುನ್ನ ಟೈರಿನ ಗಾಳಿ, ಎಂಜಿನ್ನಿನ ಎಣ್ಣೆ, ಬ್ರೇಕು ಇವುಗಳನ್ನು ನೋಡಿಸುವವರು ಕೂಡ ದೀಪವನ್ನು ನೋಡಿಸುವುದು ಕಡಮೆ. ಒಂದು ಬಲ್ಬು ಸುಟ್ಟುಹೋದಾಗಲೇ ಅದರ ನೆನಪು. ಆಗ ಬೆಂಗಳೂರಿನವರ ಕಾಲು ತಾನಾಗಿ ಜೆ.ಸಿ. ರಸ್ತೆಯ ಕಡೆಗೆ ತಿರುಗುತ್ತದೆ.

ಜೆ.ಸಿ. ರಸ್ತೆಯ ಅಂಗಡಿಯಲ್ಲಿ

ಪುರಭವನದ ಬಳಿಯಿಂದ ಮಿನರ್ವ ವೃತ್ತದ ಕಡೆಗೆ ಸಾಗುವ ಈ ರಸ್ತೆ ಜಯಚಾಮರಾಜೇಂದ್ರ ಒಡೆಯರ ಹೆಸರನ್ನು ಹೊತ್ತಿದೆ. ಒಂದು ಕಡೆ ರವೀಂದ್ರ ಕಲಾಕ್ಷೇತ್ರದ ನಾಟಕ, ಸಂಗೀತ, ಭಾಷಣ. ಇನ್ನೊಂದು ಕಡೆ ಸಾಲುಸಾಲಾಗಿ ಮೋಟಾರಿನ ಬಿಡಿಭಾಗಗಳ ಅಂಗಡಿಗಳು. ಸೀಟಿನ ಹೊದಿಕೆಯಿಂದ ಹಿಡಿದು ಗೇರಿನ ಹಲ್ಲುಚಕ್ರದವರೆಗೆ ಇಲ್ಲಿ ದೊರೆಯದ ವಸ್ತುವಿಲ್ಲ. ಇಲ್ಲಿಂದ ಕೂಗಳತೆಯಲ್ಲಿರುವ ಕೃಷ್ಣರಾಜ ಮಾರುಕಟ್ಟೆಯ ಪ್ರದೇಶದಲ್ಲಿಯೇ 1905ರಲ್ಲಿ ಶಿವನಸಮುದ್ರದ ವಿದ್ಯುತ್ತಿನಿಂದ ಬೆಂಗಳೂರಿನ ಮೊದಲ ಬೀದಿದೀಪಗಳು ಬೆಳಗಿದವು. ಅಂದು ದೀಪ ಹೊತ್ತಿತೆಂಬುದೇ ಜನರಿಗೆ ಸೋಜಿಗವಾಗಿತ್ತು. ಇಂದಿನ ಗಿರಾಕಿಗೆ ಬೇರೆಯೇ ಪ್ರಶ್ನೆ ಕಾದಿರುತ್ತದೆ.

“ಯಾವ ಬಣ್ಣ ಕೊಡಲಿ ಸಾರ್? ಹಳದಿಯೋ, ಬಿಳಿಯೋ, ನೀಲಿ ಹೊಡೆಯೋ ಬಿಳಿಯೋ?”

ಗಾಜಿನ ಮೇಜಿನ ಮೇಲೆ ಪೆಟ್ಟಿಗೆಗಳು ಸಾಲಾಗಿ ಬಂದು ಕೂರುತ್ತವೆ. ಒಂದರ ಮೇಲೆ 3200, ಮತ್ತೊಂದರ ಮೇಲೆ 4300, ಇನ್ನೊಂದರ ಮೇಲೆ 5000, ಕೊನೆಯದರ ಮೇಲೆ 6000. ಪ್ರತಿಯೊಂದು ಅಂಕಿಯ ಮುಂದೆಯೂ ‘ಕೆ’ ಎಂಬ ಅಕ್ಷರ.

“ನಂಬರು ಹೆಚ್ಚಿದ್ದರೆ ಬೆಳಕು ಹೆಚ್ಚೇನ್ರೀ?” ಎಂದು ಗಿರಾಕಿಯ ಸಹಜವಾದ ಪ್ರಶ್ನೆ.

“ಹಾಕಿ ನೋಡಿ ಸಾರ್, ಹಗಲಿದ್ದ ಹಾಗೆ ಇರ್ತದೆ!” ಎಂದು ಅಂಗಡಿಯವನ ಅಷ್ಟೇ ಸಹಜವಾದ ಉತ್ತರ.

ಬ್ಯಾಟರಿಗೆ ತಂತಿ ಮುಟ್ಟಿಸಿ ಎರಡನ್ನೂ ಹೊತ್ತಿಸಿ ತೋರಿಸಿದಾಗ 6000ದ ಬಲ್ಬು ಹೊಳೆಯುವ ಬಿಳುಪಿನಿಂದ ಕಣ್ಣು ಕೋರೈಸುತ್ತದೆ. 3200ರದು ಅದರ ಪಕ್ಕದಲ್ಲಿ ಮಂಕಾಗಿ, ಹಳೆಯ ಕಾಲದ್ದಾಗಿ ತೋರುತ್ತದೆ. ಗಿರಾಕಿ ದುಬಾರಿಯಾದದ್ದನ್ನೇ ಕೊಂಡು ಸಂತೋಷದಿಂದ ಮನೆಗೆ ಹೋಗುತ್ತಾನೆ. ಅಂಗಡಿಯ ಗೋಡೆಯ ಮುಂದೆ ಚೆಲುವಾಗಿ ಕಂಡ ಬೆಳಕು ಶಿರಾಡಿಯ ಮಂಜಿನಲ್ಲಿ ಏನು ಮಾಡೀತೆಂಬುದು ಅಲ್ಲಿ ಯಾರ ಯೋಚನೆಗೂ ಬರುವುದಿಲ್ಲ.

ಅಂಕಿಯ ಅರ್ಥ

ಆ ‘ಕೆ’ ಎಂಬುದು ಕೆಲ್ವಿನ್. ಗ್ಲಾಸ್ಗೋ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ವಿಲಿಯಂ ಥಾಮ್ಸನ್ 1848ರಲ್ಲಿ ಉಷ್ಣತೆಯ ನಿರಪೇಕ್ಷ ಮಾನವೊಂದನ್ನು ಸೂಚಿಸಿದನು. ಮುಂದೆ ಅವನು ಲಾರ್ಡ್ ಕೆಲ್ವಿನ್ ಆದಾಗ, ಆ ಊರಿನ ಕೆಲ್ವಿನ್ ಎಂಬ ಹೊಳೆಯ ಹೆಸರು ಅವನಿಗೂ, ಅವನ ಮೂಲಕ ಆ ಮಾನಕ್ಕೂ ಬಂದಿತು. ದೀಪದ ಬಣ್ಣಕ್ಕೂ ಉಷ್ಣತೆಗೂ ಏನು ಸಂಬಂಧವೆಂಬುದನ್ನು ತಿಳಿಯಲು ಪ್ರಯೋಗಾಲಯಕ್ಕೆ ಹೋಗಬೇಕಿಲ್ಲ. ಕಮ್ಮಾರನ ಕುಲುಮೆಯ ಮುಂದೆ ಹತ್ತು ನಿಮಿಷ ನಿಂತರೆ ಸಾಕು. ಕಾಯುತ್ತಿರುವ ಕಬ್ಬಿಣ ಮೊದಲು ಕೆಂಪಗೆ ಕೆಂಡವಾಗುತ್ತದೆ, ಬಳಿಕ ಕಿತ್ತಳೆಯ ಬಣ್ಣಕ್ಕೆ ತಿರುಗುತ್ತದೆ, ಇನ್ನೂ ಕಾದರೆ ಹಳದಿಯಾಗಿ ಬಿಳುಪಿನ ಕಡೆಗೆ ಹೊರಳುತ್ತದೆ. ಕಬ್ಬಿಣ ಕರಗಿಹೋಗದೆ ಮತ್ತೂ ಕಾಯುವಂತಿದ್ದರೆ ಅದರ ಬಿಳುಪಿಗೆ ನೀಲಿಯ ಛಾಯೆ ಬರುತ್ತಿತ್ತು. ಹೀಗೆ ಬಣ್ಣಕ್ಕೂ ಕಾವಿಗೂ ಒಂದು ಲೆಕ್ಕವಿದೆ. ಮೇಣದ ಬತ್ತಿಯ ಬೆಳಕು ಸುಮಾರು 1900 ಕೆಲ್ವಿನ್, ಮನೆಯ ಹಳೆಯ ತಂತಿಯ ಬಲ್ಬಿನದು 2700, ಕಾರಿನ ಹ್ಯಾಲೊಜೆನ್ ಬಲ್ಬಿನದು ಸುಮಾರು 3200, ನಡುಹಗಲಿನ ಬಿಸಿಲಿನದು ಸುಮಾರು 5500, ಮೋಡ ಕವಿದ ಆಕಾಶದ್ದು 6500ರ ಆಸುಪಾಸು.

ಆದುದರಿಂದ ಪೆಟ್ಟಿಗೆಯ ಮೇಲಿನ ಅಂಕಿ ಹೇಳುವುದು ಬೆಳಕಿನ ಬಣ್ಣವನ್ನು, ಬೆಳಕಿನ ಬಲವನ್ನಲ್ಲ. ಬಲವನ್ನು ಅಳೆಯುವ ಮಾನ ಲ್ಯೂಮೆನ್. ನಮ್ಮ ಕಾರುಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ‘ಎಚ್4’ ಎಂಬ 60/55 ವ್ಯಾಟಿನ ಬಲ್ಬು, ದೂರದ ಬೆಳಕಿನಲ್ಲಿ ಸುಮಾರು 1650 ಲ್ಯೂಮೆನ್, ಡಿಮ್ ಮಾಡಿದಾಗ ಸುಮಾರು 1000 ಲ್ಯೂಮೆನ್ ಕೊಡಬೇಕೆಂಬುದು ಅಂತರರಾಷ್ಟ್ರೀಯ ನಿಯಮ. ಹೆಚ್ಚು ಕೆಲ್ವಿನ್ ಎಂದು ಬರೆದ ಮಾತ್ರಕ್ಕೆ ಈ ಲೆಕ್ಕ ಏರುವುದಿಲ್ಲ. ಹಲವು ಸಂದರ್ಭಗಳಲ್ಲಿ ಇಳಿಯುತ್ತದೆ.

ಅದೇಕೆಂಬುದಕ್ಕೆ ಕಾರಣ ಸರಳವಾಗಿದೆ. ಹ್ಯಾಲೊಜೆನ್ ಬಲ್ಬಿನ ಒಳಗೆ ಕಾಯುವುದು ಟಂಗ್‌ಸ್ಟನ್ ಲೋಹದ ತಂತಿ. ಎಲ್ಲ ಲೋಹಗಳಿಗಿಂತ ಹೆಚ್ಚಿನ ಕಾವನ್ನು ತಾಳುವ ಆ ಲೋಹ ಕೂಡ 3700 ಕೆಲ್ವಿನ್‌ಗೆ ಸ್ವಲ್ಪ ಮೊದಲೇ ಕರಗಿಹೋಗುತ್ತದೆ. ಹೀಗಿರುವಾಗ ತಂತಿಯ ಬಲ್ಬು 5000 ಅಥವಾ 6000 ಕೆಲ್ವಿನ್ನಿನ ಬೆಳಕನ್ನು ತಾನಾಗಿ ಕೊಡುವುದಾದರೂ ಹೇಗೆ? ತಯಾರಕರು ಗಾಜಿಗೆ ನೀಲಿಯ ಲೇಪವನ್ನು ಕೊಡುತ್ತಾರೆ. ಆ ಲೇಪ ಹಳದಿ ಕೆಂಪು ಕಿರಣಗಳ ಒಂದು ಭಾಗವನ್ನು ತಡೆದು ಉಳಿದುದನ್ನು ಹೊರಗೆ ಬಿಡುತ್ತದೆ. ಮಾಸಿದ ಪಂಚೆ ಬೆಳ್ಳಗೆ ಕಾಣಲೆಂದು ಗೃಹಿಣಿಯರು ನೀಲಿ ಹಾಕುವುದಿಲ್ಲವೇ, ಇದೂ ಅದೇ ಉಪಾಯ. ಪಂಚೆ ಬೆಳ್ಳಗೆ ಕಾಣುತ್ತದೆಯೇ ಹೊರತು ಅದಕ್ಕೆ ಹೊಸ ನೂಲೇನೂ ಸೇರುವುದಿಲ್ಲ. ಬಲ್ಬಿನ ವಿಷಯದಲ್ಲಿ ನಷ್ಟ ಇನ್ನೂ ಸ್ಪಷ್ಟ: ತಡೆಹಿಡಿದ ಕಿರಣಗಳು ರಸ್ತೆಗೆ ಬೀಳಬೇಕಾಗಿದ್ದ ಕಿರಣಗಳೇ.

ಈ ನೀಲಿಯ ಮೋಹ ಹುಟ್ಟಿದ್ದು ಪ್ರತಿಷ್ಠೆಯಿಂದ. 1991ರಲ್ಲಿ ಜರ್ಮನಿಯ ಬಿ.ಎಂ.ಡಬ್ಲ್ಯು. ಸಂಸ್ಥೆ ತನ್ನ ದೊಡ್ಡ ಕಾರಿಗೆ ತಂತಿಯೇ ಇಲ್ಲದ ಕ್ಸೆನಾನ್ ದೀಪವನ್ನು ತಂದಿತು. ಅನಿಲದೊಳಗಿನ ವಿದ್ಯುತ್ ಕಿಡಿಯಿಂದ ಬೆಳಗುವ ಆ ದೀಪಕ್ಕೆ 35 ವ್ಯಾಟ್ ಸಾಕು. ಬೆಳಕು ಮಾತ್ರ ಸುಮಾರು 3200 ಲ್ಯೂಮೆನ್, ಬಣ್ಣ 4300 ಕೆಲ್ವಿನ್ನಿನ ಆಸುಪಾಸು. ಹ್ಯಾಲೊಜೆನ್ನಿನ ಹಳದಿಯ ನಡುವೆ ಅದು ಕೊಂಚ ನೀಲಿಯಾಗಿ ಕಂಡಿತು. ನೀಲಿಯ ಛಾಯೆಯೆಂದರೆ ಶ್ರೀಮಂತರ ಕಾರು ಎಂಬ ಭಾವನೆ ಬೇರೂರಿದ್ದು ಹೀಗೆ. ಬಲ ಬರದಿದ್ದರೂ ಬಣ್ಣವಾದರೂ ಬರಲಿ ಎಂದು ಸಾಧಾರಣ ಬಲ್ಬಿಗೆ ನೀಲಿ ಬಳಿಯುವುದು ತರುವಾಯದ ಮಾತು. ಈಗಂತೂ ಹೊಸ ಕಾರುಗಳಲ್ಲಿ 5000ದಿಂದ 6000 ಕೆಲ್ವಿನ್ನಿನ ಎಲ್.ಇ.ಡಿ. ದೀಪಗಳು ಕಾರ್ಖಾನೆಯಿಂದಲೇ ಬರುತ್ತಿರುವುದರಿಂದ ಹಳೆಯ ಕಾರಿನ ಒಡೆಯನಿಗೆ ತನ್ನ ದೀಪ ಬಡವಾಯಿತೆಂಬ ಕೊರಗು ಹೆಚ್ಚಾಗಿದೆ.

ಬಯಲುಸೀಮೆಯ ಹೆದ್ದಾರಿ

ನೆಲಮಂಗಲದಲ್ಲಿ ಹಾಸನದ ದಾರಿಗೆ ತಿರುಗಿದರೆ ಕುಣಿಗಲ್, ಎಡೆಯೂರು, ಬೆಳ್ಳೂರು ಕ್ರಾಸ್, ಚನ್ನರಾಯಪಟ್ಟಣ. ಕುಣಿಗಲಿನ ಕುದುರೆಗಳನ್ನಾಗಲಿ ಎಡೆಯೂರು ಸಿದ್ಧಲಿಂಗೇಶ್ವರನ ಗೋಪುರವನ್ನಾಗಲಿ ರಾತ್ರಿಯ ಪ್ರಯಾಣಿಕ ಕಾಣುವಂತಿಲ್ಲ. ಕಾಣುವುದು ಮುಂದೆ ಹೋಗುವ ಲಾರಿಯ ಬೆನ್ನು. ಅದರ ಮೇಲೆ ‘ಹಾರ್ನ್ ಪ್ಲೀಸ್’ ಎಂಬ ದೊಡ್ಡ ಅಕ್ಷರಗಳ ಕೆಳಗೆ, ಹೂಬಳ್ಳಿಗಳ ನಡುವೆ, ‘ಯೂಸ್ ಡಿಪ್ಪರ್ ಅಟ್ ನೈಟ್’ ಎಂಬ ವಿನಂತಿ. ರಾತ್ರಿಯಲ್ಲಿ ದೀಪವನ್ನು ತಗ್ಗಿಸು ಎಂಬ ಈ ಬೇಡಿಕೆಯನ್ನು ಭಾರತದ ಲಾರಿಗಳು ಎಷ್ಟೋ ದಶಕಗಳಿಂದ ಹೊತ್ತು ತಿರುಗುತ್ತಿವೆ. ಹಿಂದೆ ಹೆಡ್‌ಲೈಟಿನ ಗಾಜಿನ ಮೇಲೆ ಕಪ್ಪು ಬಣ್ಣ ಬಳಿಯುವ ಪದ್ಧತಿಯೂ ಇದ್ದಿತು. ಎದುರಿನವನ ಕಣ್ಣಿನ ಚಿಂತೆ ಹೊಸದಲ್ಲ.

ರಸ್ತೆ ಒಣಗಿ, ಆಕಾಶ ತಿಳಿಯಾಗಿ, ನಡುವೆ ವಿಭಜಕವಿರುವ ಇಂಥ ಹಾದಿಯಲ್ಲಿ ಬಿಳಿಯ ಬೆಳಕಿಗೆ ತನ್ನದೇ ಆದ ಗುಣವುಂಟೆಂಬುದನ್ನು ಒಪ್ಪಬೇಕು. ಹಗಲಿನ ಬಣ್ಣಕ್ಕೆ ಹತ್ತಿರವಾದ 4300, 5000 ಕೆಲ್ವಿನ್ನಿನ ಬೆಳಕಿನಲ್ಲಿ ದಾರಿಯ ಬಿಳಿಯ ಗೆರೆಗಳೂ ಫಲಕಗಳೂ ಚೆನ್ನಾಗಿ ಕಾಣುತ್ತವೆ. ಮಬ್ಬುಗತ್ತಲಿನಲ್ಲಿ ಕಣ್ಣಿನ ಸ್ವಭಾವವೇ ನೀಲಿಯ ಕಡೆಗೆ ವಾಲುತ್ತದೆ. ಸಂಜೆಗತ್ತಲಾದಂತೆ ಕೆಂಪು ಹೂ ಕಪ್ಪಾಗಿ, ನೀಲಿಯ ಹೂ ಎದ್ದು ಕಾಣುವುದನ್ನು ಪುರ್ಕಿನ್ಯೆ ಎಂಬ ಬೊಹೀಮಿಯದ ವಿಜ್ಞಾನಿ 1819ರಲ್ಲಿಯೇ ಗಮನಿಸಿದ್ದನು. ಆದುದರಿಂದ ಕಾರ್ಖಾನೆಯವರು ಬಿಳಿಯ ಬೆಳಕಿಗೆಂದೇ ರೂಪಿಸಿದ ದೀಪದಲ್ಲಿ ಬಿಳಿಯ ಬೆಳಕಿರುವುದು ತಪ್ಪಲ್ಲ.

ತಪ್ಪಾಗುವುದು ಹಳೆಯ ಪಾತ್ರೆಗೆ ಹೊಸ ದೀಪವನ್ನು ತುರುಕಿದಾಗ. ಹ್ಯಾಲೊಜೆನ್ನಿಗಾಗಿ ಮಾಡಿದ ಹೆಡ್‌ಲೈಟಿನ ಒಳಗಿನ ಕನ್ನಡಿಯು, ಬಲ್ಬಿನ ತಂತಿ ಇಂತಿಷ್ಟೇ ಉದ್ದವಾಗಿ ಇಂಥದೇ ಜಾಗದಲ್ಲಿ ಇರುತ್ತದೆಂದು ಕೂದಲೆಳೆಯಷ್ಟೂ ತಪ್ಪದಂತೆ ಲೆಕ್ಕ ಹಾಕಿ ರೂಪಿಸಿದ್ದು. ಅಲ್ಲಿ ಬೇರೆ ಆಕಾರದ ಎಲ್.ಇ.ಡಿ. ಅಥವಾ ಕ್ಸೆನಾನ್ ಬಲ್ಬನ್ನು ಕೂಡಿಸಿದರೆ ಕಿರಣಗಳು ಅಂಕೆ ತಪ್ಪಿ ಚೆದರುತ್ತವೆ. ರಸ್ತೆಗೆ ಬೀಳಬೇಕಾದ ಬೆಳಕು ಮರದ ಕೊಂಬೆಗೂ ಎದುರಿನವನ ಮುಖಕ್ಕೂ ಬೀಳುತ್ತದೆ. ಕಾರಿನ ಹತ್ತಿರದ ನೆಲ ಬೆಳಗುವುದರಿಂದ ಒಡೆಯನಿಗೆ ದೀಪ ಜೋರಾಯಿತೆಂಬ ತೃಪ್ತಿ. ಅವನಿಗೆ ಬೇಕಾದ ದೂರದ ರಸ್ತೆ ಮಾತ್ರ ಕತ್ತಲಾಗಿಯೇ ಉಳಿಯುತ್ತದೆ.

ಎದುರಿನವನ ಕಷ್ಟವನ್ನು ಅಂಕಿಗಳಲ್ಲಿಯೇ ಹೇಳಬಹುದು. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಬರುವ ವಾಹನ ಒಂದು ಸೆಕೆಂಡಿಗೆ 22 ಮೀಟರ್ ಸಾಗುತ್ತದೆ. ಕಣ್ಣು ಕೋರೈಸಿ ಮೂರೇ ಸೆಕೆಂಡು ಏನೂ ಕಾಣದಂತಾದರೂ ಅವನು 66 ಮೀಟರ್ ದೂರವನ್ನು ಕುರುಡನಂತೆ ಕ್ರಮಿಸಿರುತ್ತಾನೆ. ಬೆಳಕಿನ ಪ್ರಮಾಣ ಒಂದೇ ಆಗಿದ್ದರೂ ನೀಲಿಗೆ ವಾಲಿದ ಬೆಳಕು ಕಣ್ಣಿಗೆ ಹೆಚ್ಚು ಚುಚ್ಚುತ್ತದೆಂಬುದು ಪರೀಕ್ಷೆಗಳಿಂದ ತಿಳಿದಿರುವ ವಿಷಯ. ವಯಸ್ಸಾದವರ ಪಾಡು ಇನ್ನೂ ಕಠಿನ. ಕಣ್ಣಿನ ಮಸೂರ ವರ್ಷಗಳು ಕಳೆದಂತೆ ಹಳದಿಗಟ್ಟಿ ಮಬ್ಬಾಗುವುದರಿಂದ ತೀಕ್ಷ್ಣವಾದ ಬೆಳಕು ಅದರೊಳಗೆ ಚೆದರಿ ಪರದೆಯಂತೆ ಹರಡುತ್ತದೆ. ಕೋರೈಸಿದ ಕಣ್ಣು ಮತ್ತೆ ಸ್ಥಿಮಿತಕ್ಕೆ ಬರಲು ಹೆಚ್ಚು ಹೊತ್ತು ಹಿಡಿಯುತ್ತದೆ. ಪೊರೆ ಬೆಳೆಯುತ್ತಿರುವ ತಂದೆಯವರನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೋಗುವ ಮಗನು, ಎದುರಿನ ದೀಪ ಬಂದಾಗಲೆಲ್ಲ ಅವರು ಮುಖ ತಿರುಗಿಸುವುದನ್ನು ಕಂಡಿರುತ್ತಾನೆ. ಎದುರಿನ ಕಾರಿನಲ್ಲಿಯೂ ಅಂಥ ಒಬ್ಬ ತಂದೆ ಕುಳಿತಿರಬಹುದು. ಚಕ್ರವನ್ನು ಹಿಡಿದವರೇ ಅವರಾಗಿರಲೂಬಹುದು.

ಸರ್ಕಾರವೂ ಈ ವಿಷಯದಲ್ಲಿ ಸುಮ್ಮನಿಲ್ಲ. ತಯಾರಕರು ನಿಗದಿಪಡಿಸಿದ ಸ್ವರೂಪಕ್ಕೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ವಿಧಿ ನಿರ್ಬಂಧಿಸುತ್ತದೆ. 2024ರ ಜುಲೈಯಲ್ಲಿ ಕರ್ನಾಟಕದ ಪೊಲೀಸರು ಕಣ್ಣು ಕೋರೈಸುವ ಎಲ್.ಇ.ಡಿ. ದೀಪಗಳ ಮೇಲೆ ರಾಜ್ಯದಾದ್ಯಂತ ಮೊಕದ್ದಮೆಗಳನ್ನು ಹೂಡಲಾರಂಭಿಸಿದರು. ಆದರೆ ರಾತ್ರಿ ಎರಡು ಗಂಟೆಗೆ ಬೆಳ್ಳೂರಿನ ಬಯಲಿನಲ್ಲಿ ಪೊಲೀಸರು ಎಲ್ಲಿರುತ್ತಾರೆ? ಅಲ್ಲಿರುವುದು ಡಿಮ್ ಮಾಡುವ ಕೈಯೊಂದೇ.

ಸಂಸಾರಸ್ಥರು ಗಮನಿಸಬೇಕಾದ ಮತ್ತೊಂದು ಸಂಗತಿಯುಂಟು. ಹಿಂದಿನ ಡಿಕ್ಕಿಯ ತುಂಬ ಸಾಮಾನು, ಹಿಂದಿನ ಸೀಟಿನಲ್ಲಿ ಮೂವರು ಕುಳಿತರೆಂದರೆ ಕಾರಿನ ಹಿಂಭಾಗ ತಗ್ಗಿ ಮೂತಿ ಮೇಲೇಳುತ್ತದೆ. ಆಗ ಡಿಮ್ ಮಾಡಿದ ಬೆಳಕೂ ಎದುರಿನವನ ಕಣ್ಣಿಗೇ ಹೊಡೆಯುತ್ತದೆ. ದೀಪವನ್ನು ತಗ್ಗಿಸಲು ಅನೇಕ ಕಾರುಗಳಲ್ಲಿ ಸ್ಟಿಯರಿಂಗ್ ಚಕ್ರದ ಪಕ್ಕದಲ್ಲಿಯೇ ಸೊನ್ನೆ, ಒಂದು, ಎರಡು, ಮೂರು ಎಂದು ಬರೆದ ಸಣ್ಣ ತಿರುಗುಗುಂಡಿಯೊಂದಿರುತ್ತದೆ. ಹತ್ತು ವರ್ಷ ಕಾರು ನಡೆಸಿಯೂ ಅದನ್ನು ಒಮ್ಮೆಯೂ ಮುಟ್ಟದವರು ಬಹಳ.

ಮಂಜಿನ ಊರು

ಹಾಸನವನ್ನು ದಾಟಿದ ಮೇಲೆ ಗಾಳಿಯ ಗುಣವೇ ಬೇರೆ. ಕಿಟಕಿ ಇಳಿಸಿದರೆ ತಂಪು, ಮಣ್ಣಿನ ವಾಸನೆ, ಋತುವಾಗಿದ್ದರೆ ಕಾಫಿಯ ಹೂವಿನ ಕಂಪು. ಮುಂಜಾವದಲ್ಲಿ ಹಾಲಿನ ಕ್ಯಾನುಗಳನ್ನು ಎರಡೂ ಕಡೆ ತೂಗುಹಾಕಿಕೊಂಡು ಡೈರಿಯ ಕಡೆಗೆ ಹೋಗುವ ಮೊಪೆಡ್ಡಿನವರು ಅಲ್ಲಲ್ಲಿ ಎದುರಾಗುತ್ತಾರೆ. ಅವರ ದೀಪ ಮಿಣುಕು. ಮೈಮೇಲಿನ ಕಂಬಳಿ ಕಪ್ಪು. ಎದುರಿನ ಪ್ರಖರವಾದ ಬೆಳಕಿಗೆ ಅವರು ರಸ್ತೆಯ ಅಂಚಿಗೆ ಸರಿದು, ಕಾಲನ್ನು ನೆಲಕ್ಕೆ ಊರಿ, ಗಾಡಿ ಹಾದುಹೋಗುವವರೆಗೆ ಕಣ್ಣು ಮುಚ್ಚಿ ನಿಲ್ಲುತ್ತಾರೆ.

ಹೇಮಾವತಿಯ ಸೇತುವೆಯನ್ನು ದಾಟಿ ಸಕಲೇಶಪುರವನ್ನು ಬಿಟ್ಟರೆ ದೋಣಿಗಾಲಿನ ಬಳಿ ಗುಡ್ಡದ ಮೇಲೆ ಮಂಜರಾಬಾದಿನ ಕೋಟೆ. ನಕ್ಷತ್ರದ ಆಕಾರದ ಈ ಕೋಟೆಯನ್ನು ಕಟ್ಟಿಸಿದವನು ಟಿಪ್ಪು ಸುಲ್ತಾನ್. ಕಟ್ಟಿ ಮುಗಿದ ಮೇಲೆ ನೋಡಲು ಬಂದಾಗ ಕೋಟೆಯೆಲ್ಲ ಮಂಜಿನಲ್ಲಿ ಮುಳುಗಿತ್ತೆಂದೂ, ಅದರಿಂದಲೇ ಅವನು ಅದಕ್ಕೆ ಮಂಜರಾಬಾದ್ ಎಂದು ಹೆಸರಿಟ್ಟನೆಂದೂ ಸ್ಥಳದ ಪ್ರತೀತಿ. ಹೆಸರಿನ ಕಥೆ ಹೇಗೇ ಇರಲಿ, ಮಂಜಿನ ಮಾತಂತೂ ನಿಜ. ಶಿರಾಡಿ ಘಾಟಿ ಆರಂಭವಾಗುವುದು ಇಲ್ಲಿಯೇ. ಅಂಗಡಿಯಲ್ಲಿ ಕೊಂಡ ಬಲ್ಬಿನ ನಿಜವಾದ ಪರೀಕ್ಷೆಯೂ ಇಲ್ಲಿಯೇ.

ಮಂಜಿನೊಳಗೆ ಹೊಕ್ಕ ಹೊಸ ಚಾಲಕ ಮೊದಲು ಮಾಡುವ ಕೆಲಸ ದೂರದ ಬೆಳಕನ್ನು ಹಾಕುವುದು. ಮರುಕ್ಷಣವೇ ಕಾರಿನ ಮುಂದೆ ಸುಣ್ಣ ಬಳಿದ ಗೋಡೆಯೊಂದು ಎದ್ದು ನಿಲ್ಲುತ್ತದೆ. ಬೆಳಕು ಹೆಚ್ಚಿದಷ್ಟೂ ಗೋಡೆ ಗಟ್ಟಿ. ಗಾಳಿಯಲ್ಲಿ ತೂಗಾಡುವ ಅಸಂಖ್ಯಾತ ನೀರಹನಿಗಳು ಆ ಬೆಳಕನ್ನು ಹಿಂದಕ್ಕೆ ಚಾಲಕನ ಕಣ್ಣಿಗೇ ಎರಚುತ್ತಿರುತ್ತವೆ.

ಹಳದಿಯ ಬೆಳಕು ಮಂಜನ್ನು ಸೀಳುತ್ತದೆಂಬ ನಂಬಿಕೆ ಬಹಳ ಹಳೆಯದು. ಫ್ರಾನ್ಸ್ ದೇಶ 1936ರಲ್ಲಿ ಕಾನೂನನ್ನೇ ಮಾಡಿ ಎಲ್ಲ ಮೋಟಾರುಗಳ ಮುಂದೀಪವೂ ಹಳದಿಯಾಗಿರಬೇಕೆಂದು ವಿಧಿಸಿತು. ಆ ಕಟ್ಟಳೆ 1993ರವರೆಗೂ ನಡೆಯಿತು. ಅರ್ಧ ಶತಮಾನಕ್ಕೂ ಮೀರಿ ಪ್ಯಾರಿಸಿನ ರಾತ್ರಿಗಳು ಹಳದಿಯಾಗಿಯೇ ಇದ್ದವು. ನಮ್ಮಲ್ಲಿಯೂ ಮಂಜಿನ ಕಾಲದಲ್ಲಿ ಹೆಡ್‌ಲೈಟಿನ ಗಾಜಿಗೆ ಹಳದಿಯ ಪಾರದರ್ಶಕ ಕಾಗದವನ್ನು ಅಂಟಿಸಿಕೊಳ್ಳುವ ಚಾಲಕರುಂಟು. ಆದರೆ ಭೌತಶಾಸ್ತ್ರ ಈ ನಂಬಿಕೆಯನ್ನು ಅರ್ಧ ಮಾತ್ರ ಒಪ್ಪುತ್ತದೆ. ಆಕಾಶ ನೀಲಿಯಾಗಿರುವುದಕ್ಕೆ ಕಾರಣ, ಗಾಳಿಯ ಅತಿ ಸೂಕ್ಷ್ಮ ಕಣಗಳು ನೀಲಿಯ ಕಿರಣವನ್ನು ಹೆಚ್ಚಾಗಿಯೂ ಕೆಂಪನ್ನು ಕಡಮೆಯಾಗಿಯೂ ಚೆದರಿಸುವುದು. ಇದನ್ನು 1871ರಲ್ಲಿ ವಿವರಿಸಿದವನು ಲಾರ್ಡ್ ರೇಲೆ. ಮಂಜಿನ ಹನಿ ಅಂಥ ಸೂಕ್ಷ್ಮ ಕಣವಲ್ಲ. ಬೆಳಕಿನ ಅಲೆಗಿಂತ ಅದು ಎಷ್ಟೋ ಪಾಲು ದೊಡ್ಡದು. ದೊಡ್ಡ ಹನಿ ಎಲ್ಲ ಬಣ್ಣಗಳನ್ನೂ ಹೆಚ್ಚುಕಡಮೆ ಒಂದೇ ಸಮನಾಗಿ ಚೆದರಿಸುತ್ತದೆ. ಮಂಜು ನೀಲಿಯಾಗಿ ಕಾಣದೆ ಬೆಳ್ಳಗೆ ಕಾಣುವುದೇ ಇದಕ್ಕೆ ಸಾಕ್ಷಿ. ಆದುದರಿಂದ ಹಳದಿಯ ಕಿರಣ ಬಿಳಿಯದಕ್ಕಿಂತ ಹೆಚ್ಚು ದೂರ ತೂರಿಹೋಗುವುದೆಂಬ ಮಾತು ನಿಲ್ಲುವುದಿಲ್ಲ.

ಹಾಗಾದರೆ ಘಾಟಿಯ ಚಾಲಕರ ಅನುಭವ ಸುಳ್ಳೇ? ಅದೂ ಅಲ್ಲ. ಮಂಜಿನಿಂದ ಹಿಂದಿರುಗಿ ಕಣ್ಣಿಗೆ ಬೀಳುವ ಬೆಳಕಿನಲ್ಲಿ ನೀಲಿಯ ಅಂಶ ಕಡಮೆಯಾದಷ್ಟೂ ಕಣ್ಣಿಗೆ ಆಯಾಸ ಕಡಮೆ. ಗಂಟೆಗಟ್ಟಲೆ ಬಿಳಿಯ ಗೋಡೆಯನ್ನು ದಿಟ್ಟಿಸುತ್ತ ಇಳಿಯುವವನಿಗೆ ಇದು ಸಣ್ಣ ಉಪಕಾರವಲ್ಲ. ಇನ್ನು ಮಂಜಿನ ದೀಪದ ಮುಖ್ಯ ಗುಣ ಅದರ ಬಣ್ಣದಲ್ಲಿಲ್ಲ, ಜಾಗದಲ್ಲಿದೆ. ಫಾಗ್ ಲ್ಯಾಂಪು ಬಂಪರಿನ ಕೆಳಗೆ, ನೆಲಕ್ಕೆ ಹತ್ತಿರವಾಗಿ ಕೂರುತ್ತದೆ. ಅದರ ಕಿರಣ ಅಗಲವಾಗಿ, ಚಪ್ಪಟೆಯಾಗಿ, ಮೇಲಿನ ಅಂಚು ಕತ್ತರಿಸಿದಂತಿರುತ್ತದೆ. ಚಾಲಕನ ಕಣ್ಣಿನ ಮಟ್ಟದ ಮಂಜನ್ನು ಬೆಳಗದೆ, ಅದರ ಕೆಳಗಿನಿಂದ ಹಾದು ರಸ್ತೆಯ ಅಂಚನ್ನು ತೋರಿಸುವುದು ಅದರ ಉದ್ದೇಶ. ಆದುದರಿಂದ ಶಿರಾಡಿಯ ಮಂಜಿನಲ್ಲಿ ಮಾಡತಕ್ಕದ್ದು ಇಷ್ಟು: ದೀಪವನ್ನು ಡಿಮ್ ಮಾಡುವುದು, ಫಾಗ್ ಲ್ಯಾಂಪಿದ್ದರೆ ಹಾಕುವುದು, ವೇಗವನ್ನು ಕಾಣುವಷ್ಟು ದೂರಕ್ಕೆ ಇಳಿಸುವುದು. ಈ ಮೂರರಲ್ಲಿ ಮೂರನೆಯದನ್ನು ಯಾವ ಅಂಗಡಿಯೂ ಮಾರುವುದಿಲ್ಲ.

ಘಾಟಿಯ ಮಳೆ

ದೋಣಿಗಾಲಿನಿಂದ ಮಾರನಹಳ್ಳಿ, ಅಲ್ಲಿಂದ ಗುಂಡ್ಯ. ಒಂದು ಕಡೆ ಬೆಟ್ಟದ ಗೋಡೆ, ಇನ್ನೊಂದು ಕಡೆ ಆಳದಲ್ಲಿ ಹರಿಯುವ ಕೆಂಪುಹೊಳೆ. ಆಚೆಯ ಬೆಟ್ಟದಲ್ಲಿ ಸುರಂಗದಿಂದ ಸುರಂಗಕ್ಕೆ ನುಸುಳುತ್ತ ಸಾಗುವ ಸುಬ್ರಹ್ಮಣ್ಯದ ರೈಲುಮಾರ್ಗ. ಮಂಗಳೂರಿನ ಬಂದರಿಗೆ ಹೋಗುವ, ಅಲ್ಲಿಂದ ಬರುವ ಟ್ಯಾಂಕರುಗಳು, ಸರಕಿನ ಲಾರಿಗಳು, ರಾತ್ರಿಯ ಬಸ್ಸುಗಳು ರಾತ್ರಿಯೆಲ್ಲ ಈ ಹಾದಿಯಲ್ಲಿ ಹತ್ತುತ್ತ ಇಳಿಯುತ್ತ ಇರುತ್ತವೆ. ಘಾಟಿಯ ಬಹುಭಾಗಕ್ಕೆ ಕಾಂಕ್ರೀಟು ಹಾಕಿದ ಕೆಲಸ 2018ರಲ್ಲಿ ಮುಗಿಯಿತು. ಅದೇ ವರ್ಷದ ಆಗಸ್ಟಿನ ಮಳೆಗೆ ಗುಡ್ಡಗಳು ಕುಸಿದು ಸಂಚಾರವೇ ನಿಂತುಹೋಗಿದ್ದಿತು. ಮಳೆಯ ದಿನಗಳಲ್ಲಿ ಇಲ್ಲಿ ರಸ್ತೆಯಲ್ಲಿ ಏನಿರುತ್ತದೆಂದು ಹೇಳಲಾಗದು: ಕಲ್ಲು, ಮಣ್ಣು, ಬಿದ್ದ ಕೊಂಬೆ, ಕೆಟ್ಟು ನಿಂತ ಲಾರಿ, ಅದರ ಹಿಂದೆ ಎಚ್ಚರಿಕೆಗಾಗಿ ಇಟ್ಟ ಹಸುರು ಸೊಪ್ಪು.

ನೀರು ನಿಂತ ರಸ್ತೆ ಕನ್ನಡಿಯಂತೆ. ಒಣರಸ್ತೆಯ ಒರಟು ಮೈ ದೀಪದ ಬೆಳಕಿನಲ್ಲಿ ಒಂದು ಪಾಲನ್ನು ಚಾಲಕನ ಕಣ್ಣಿಗೆ ಹಿಂದಿರುಗಿಸುತ್ತದೆ. ಅದರಿಂದಲೇ ರಸ್ತೆ ಕಾಣುವುದು. ಒದ್ದೆಯ ಮೈಯಾದರೋ ಬೆಳಕನ್ನು ಮುಂದಕ್ಕೇ ಜಾರಿಸಿಬಿಡುತ್ತದೆ. ತನ್ನ ರಸ್ತೆ ತನಗೆ ಕಪ್ಪು. ತನ್ನ ದೀಪ ಎದುರಿನವನಿಗೆ ಎರಡರಷ್ಟು. ಇಂಥಲ್ಲಿ ಬೇಕಾದುದು ಬೆಳಕಿನ ಮೊತ್ತ. ಬಿಳುಪಿನ ಆಸೆಗೆ ಬಿದ್ದು ಗಾಜಿನ ನೀಲಿಯಲ್ಲಿ ಆ ಮೊತ್ತವನ್ನು ಸೋರಿಸಿಕೊಂಡವನು ತನ್ನ ತಪ್ಪನ್ನು ಶಿರಾಡಿಯ ಮಳೆಯಲ್ಲಿ ಮೊದಲ ಬಾರಿಗೆ ಅರಿಯುತ್ತಾನೆ. ಬೆಂಗಳೂರಿನ ಬೀದಿದೀಪಗಳ ಕೆಳಗೆ ಅದು ಗೊತ್ತಾಗುವ ಸಂಭವವೇ ಇರಲಿಲ್ಲ.

ಕೆಲವರು ಇದಕ್ಕೆ ಇನ್ನೊಂದು ಉಪಾಯವನ್ನು ಹುಡುಕುತ್ತಾರೆ: 60/55 ವ್ಯಾಟಿನ ಜಾಗಕ್ಕೆ 100/90 ವ್ಯಾಟಿನ ಬಲ್ಬು. ಹನ್ನೆರಡು ವೋಲ್ಟಿನಲ್ಲಿ 60 ವ್ಯಾಟಿನ ಬಲ್ಬು 5 ಆಂಪಿಯರ್ ಎಳೆದರೆ 100 ವ್ಯಾಟಿನದು 8 ಆಂಪಿಯರಿಗೂ ಮೀರಿ ಎಳೆಯುತ್ತದೆ. ಅದಕ್ಕೆಂದು ಮಾಡಿರದ ತಂತಿ ಕಾಯುತ್ತದೆ, ಹೋಲ್ಡರು ಕರಗುತ್ತದೆ, ಒಳಗಿನ ಕನ್ನಡಿಯ ಬೆಳ್ಳಿಮೈ ಮಂಕಾಗುತ್ತದೆ. ಘಾಟಿಯ ನಡುವೆ ಎರಡು ದೀಪವೂ ಒಮ್ಮೆಗೇ ಆರಿಹೋದರೆ ಆಗುವ ಗತಿಯನ್ನು ವರ್ಣಿಸಬೇಕಾಗಿಲ್ಲ.

ಕೊಳ್ಳುವವರಿಗೆ ನಾಲ್ಕು ಮಾತು

ಗುಂಡ್ಯ ಕಳೆದು ನೆಲ್ಯಾಡಿಯ ಕಡೆಗೆ ಬಂದರೆ ಘಾಟಿ ಮುಗಿಯಿತು. ದಾರಿಬದಿಯ ಹೋಟೆಲಿನಲ್ಲಿ ಚಹ ಕುಡಿಯಲು ನಿಂತ ಲಾರಿ ಚಾಲಕರ ಹೆಡ್‌ಲೈಟುಗಳನ್ನು ನೋಡಿದರೆ ಅನುಭವದ ಪಾಠ ಕಾಣುತ್ತದೆ. ಅವರು ಗಾಡಿಯಿಂದ ಇಳಿದ ಕೂಡಲೆ ಮಾಡುವ ಕೆಲಸ, ಬಟ್ಟೆಯ ತುಂಡಿನಿಂದ ಗಾಜನ್ನು ಒರೆಸುವುದು. ಕೆಸರು ಕುಳಿತ ಗಾಜಿನ ಮುಂದೆ ಯಾವ ಕೆಲ್ವಿನ್ನಿನ ಆಟವೂ ನಡೆಯದು.

ದೀಪ ಮಂಕಾಯಿತೆಂದು ಬಲ್ಬು ಬದಲಾಯಿಸಲು ಹೊರಟವರು ಮೊದಲು ದೀಪದ ಮುಖವನ್ನು ನೋಡಬೇಕು. ಈಗಿನ ಹೆಡ್‌ಲೈಟಿನ ಮುಖ ಗಾಜಲ್ಲ, ಪ್ಲಾಸ್ಟಿಕ್ಕು. ಬಿಸಿಲಿಗೆ ಕೆಲವು ವರ್ಷಗಳಲ್ಲಿ ಅದು ಹಳದಿಗಟ್ಟಿ ಮಬ್ಬಾಗುತ್ತದೆ. ಅದನ್ನು ಪಾಲಿಷ್ ಮಾಡಿಸಿದರೆ ಹಳೆಯ ಬಲ್ಬೇ ಹೊಸದಾದೀತು. ಎರಡನೆಯದು, ತಂತಿಯ ಜೋಡಣೆ. ಅರ್ಥಿಂಗಿನ ಬೋಲ್ಟು ತುಕ್ಕು ಹಿಡಿದು ವೋಲ್ಟೇಜು ನೂರಕ್ಕೆ ಹತ್ತು ಪಾಲು ಇಳಿದರೆ ಹ್ಯಾಲೊಜೆನ್ನಿನ ಬೆಳಕು ನೂರಕ್ಕೆ ಸುಮಾರು ಮೂವತ್ತು ಪಾಲು ಇಳಿಯುತ್ತದೆ. ಇದನ್ನು ಸರಿಪಡಿಸುವ ಎಲೆಕ್ಟ್ರೀಷಿಯನ್ನನ ಕೂಲಿ ಹೊಸ ಬಲ್ಬಿನ ಬೆಲೆಗಿಂತ ಕಡಮೆಯಾಗಿರಬಹುದು. ಮೂರನೆಯದು, ಬಲ್ಬನ್ನು ಹಾಕುವಾಗ ಅದರ ಗಾಜನ್ನು ಬೆರಳಿನಿಂದ ಮುಟ್ಟದಿರುವುದು. ಬೆರಳಿನ ಜಿಡ್ಡು ಉಳಿದ ಜಾಗದಲ್ಲಿ ಗಾಜು ಅತಿಯಾಗಿ ಕಾದು ಬಲ್ಬು ಬೇಗನೆ ಕೆಡುತ್ತದೆ. ಒಂದು ಸುಟ್ಟರೂ ಎರಡನ್ನೂ ಒಟ್ಟಿಗೆ ಬದಲಾಯಿಸುವುದು ಲೇಸು. ಒಂದು ಕಣ್ಣು ಹಳದಿ, ಒಂದು ಕಣ್ಣು ಬಿಳಿಯಾದ ಕಾರು ನೋಡುವವರಿಗೆ ವಿನೋದ, ನಡೆಸುವವರಿಗಲ್ಲ. ಹಾಕಿಸಿದ ಮೇಲೆ ದೀಪದ ಓಟವನ್ನು ಗೋಡೆಯ ಮೇಲೆ ಬಿಟ್ಟು ಸರಿಪಡಿಸಿಕೊಳ್ಳುವುದು ನಾಲ್ಕನೆಯದು.

ಇಷ್ಟಾದ ಮೇಲೆ ಬಣ್ಣದ ಪ್ರಶ್ನೆ. ಕಾರಿಗೆ ಹ್ಯಾಲೊಜೆನ್ ದೀಪವೇ ಬಂದಿದ್ದರೆ, ಅದೇ ವ್ಯಾಟಿನ, ಲೇಪವಿಲ್ಲದ ತಿಳಿಗಾಜಿನ, 3200 ಕೆಲ್ವಿನ್ನಿನ ಸುತ್ತಲಿನ ಒಳ್ಳೆಯ ತಯಾರಿಕೆಯ ಬಲ್ಬು ಸಾಕು. ಬೆಂಗಳೂರಿನಿಂದ ಮಂಗಳೂರಿನವರೆಗಿನ ಒಣರಸ್ತೆ, ಮಂಜು, ಮಳೆ ಮೂರಕ್ಕೂ ಹೊಂದುವುದು ಅದೇ. ಕಾರ್ಖಾನೆಯಿಂದಲೇ ಕ್ಸೆನಾನ್ ಅಥವಾ ಎಲ್.ಇ.ಡಿ. ಬಂದಿದ್ದರೆ ಅದರ ಮೂಲದ ಬಣ್ಣವನ್ನೇ ಉಳಿಸಿಕೊಳ್ಳಬೇಕು. ಹಳದಿಯ ಮೇಲೆ ಪ್ರೀತಿಯಿದ್ದವರು ಅದನ್ನು ಫಾಗ್ ಲ್ಯಾಂಪಿಗೆ ಇಟ್ಟುಕೊಳ್ಳಲಿ. 6000ಕ್ಕೂ ಮೇಲಿನ ನೀಲಿಯನ್ನು ಅಂಗಡಿಯ ಕಪಾಟಿನಲ್ಲಿಯೇ ಬಿಟ್ಟುಬರುವುದು ತನಗೂ ಕ್ಷೇಮ, ಎದುರಿನವನಿಗೂ ಕ್ಷೇಮ.

ನೇತ್ರಾವತಿ ಕುಮಾರಧಾರೆಗಳು ಕೂಡುವ ಉಪ್ಪಿನಂಗಡಿಯನ್ನು ತಲಪುವ ಹೊತ್ತಿಗೆ ಸಾಮಾನ್ಯವಾಗಿ ಬೆಳಕು ಹರಿಯುತ್ತಿರುತ್ತದೆ. ಹಿಂದಿನ ಸೀಟಿನ ಮಕ್ಕಳು ಕಣ್ಣುಜ್ಜಿಕೊಂಡು ಏಳುತ್ತಾರೆ. ಸಂಗಮದ ಮೇಲಿನ ಮಂಜು ಮೆಲ್ಲಗೆ ಚೆದರುತ್ತದೆ. ರಾತ್ರಿಯೆಲ್ಲ ಇಳಿದುಬಂದ ಘಟ್ಟದ ಹಿಂದಿನಿಂದ ಸೂರ್ಯ ಮೇಲೇಳುತ್ತಾನೆ. ಆಗತಾನೆ ಹುಟ್ಟಿದ ಅವನ ಬೆಳಕು ನೀಲಿಯೂ ಅಲ್ಲ, ಬಿಳಿಯೂ ಅಲ್ಲ; ಜೆ.ಸಿ. ರಸ್ತೆಯಲ್ಲಿ ಹಳೆಯ ಕಾಲದ್ದೆಂದು ಬದಿಗೆ ಸರಿಸಿದ ಬಲ್ಬಿನ ಹಳದಿ ಬಣ್ಣವೇ. ದೀಪವನ್ನು ಆರಿಸಿ ಮುಂದಕ್ಕೆ ಹೋದರೆ ಬಂಟವಾಳ, ಅದರಾಚೆ ಮಂಗಳೂರು.